ಗೈಡಿನ ತಾಯಿ, ಮನೆಯ ತಾಯಿ

ಗುರುವಾಯನಕೆರೆ ಪರಿಸರದ ಶಾಲೆಯೊಂದಕ್ಕೆ ಬೋಧನಾಭ್ಯಾಸಕ್ಕಾಗಿ ಬಂದ ತರುಣಿಯು ಏಳನೆಯ ತರಗತಿಯ ಮಕ್ಕಳಿಂದ ‘ನನ್ನ ತಾಯಿ’ ಎಂಬ ಪ್ರಬಂಧ ಬರೆಯಿಸಿದಳು. ಅಷ್ಟೂ ಪುಸ್ತಕಗಳಲ್ಲಿ ಒಬ್ಬಳೇ ತಾಯಿ! ಎಲ್ಲರಿಗಿಂತ ಮೊದಲೇಳುವ, ದೇವರಿಗೆ ದೀಪವಿಡುವ, ಗೈಡಿನ ತಾಯಿ. ತುಳು, ಬ್ಯಾರಿ, ಕೊಂಕಣಿ ಮನೆಮಾತಿನ ಆ ಮಕ್ಕಳಿಗೆ ಕನ್ನಡವು ಶಾಲೆಯ ಭಾಷೆ; ತಪ್ಪಾದೀತೆಂಬ ಅಂಜಿಕೆಯೇ ನಕಲಿಗೆ ಮೂಲ.

ನಕಲು ಸ್ವತಃ ಹೀನವೇನಲ್ಲ. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಧವಲಾ ಟೀಕೆಯು ಮೂಡುಬಿದಿರೆಯ ತಾಡವೋಲೆಗಳಲ್ಲಿ ಉಳಿದುದು ಪ್ರತಿಕಾರರ ಶ್ರದ್ಧೆಯಿಂದ. ಆದರೆ ಪರರ ತಾಯಿಯನ್ನು ತನ್ನವಳೆಂದು ಬರೆಯುವುದು ಬೇರೆ ಮಾತು.

ಮರುದಿನ ಆಕೆ, ತಾಯಿ ದಿನವಿಡೀ ಮಾಡಿದ ಕೆಲಸವನ್ನು ಮನೆಮಾತಿನಲ್ಲಿಯೇ ಹೇಳಿಸಿ, ಅನಂತರ ಬರೆಯಿಸಿದಳು. ಒಂದು ಮಗು ಬರೆಯಿತು: ‘ಅಮ್ಮ ಬೀಡಿ ಕಟ್ಟುವುದು. ಬರ್ಸಕ್ಕೆ ಎಲೆ ಹಾಳಾದರೆ ಬ್ರಾಂಚಿನಲ್ಲಿ ಬೀಡಿ ಬೇಡ ಅನ್ನುತ್ತಾರೆ. ಆ ದಿನ ಅಮ್ಮ ಮಾತಾಡುವುದಿಲ್ಲ.’

ಪಾಠವೀಕ್ಷಣೆಗೆ ಬಂದ ಉಪನ್ಯಾಸಕರು ‘ಬರ್ಸ’ಕ್ಕೆ ಕೆಂಪು ಗೆರೆಯೆಳೆದು, ತರುಣಿಯ ಅಂಕವನ್ನೂ ತಗ್ಗಿಸಿದರು. ‘ಮಳೆ’ ಎಂದು ತಿದ್ದಬೇಕಾದುದು ನಿಜವೇ. ಆದರೆ ತಿದ್ದುವುದಕ್ಕೆ ಮೊದಲು ಮಗುವಿನದೇ ಆದ ಒಂದು ವಾಕ್ಯವಿರಬೇಕಲ್ಲವೆ?

ಆಕೆ ಪೆನ್ಸಿಲಿನಿಂದ ‘ಮಳೆ’ ಎಂದು ಬರೆದು, ಕೆಳಗೆ ಕೇಳಿದಳು: ‘ಅಮ್ಮ ಮತ್ತೆ ಯಾವಾಗ ಮಾತನಾಡಿದರು?’ ಮಗುವು ಉತ್ತರ ಬರೆಯಲು ಹೊಸ ಪುಟ ತಿರುವಿತು.