ತಿರುಗುವ ಚಕ್ಕಿನ ಮೇಲೆ ಎಂಥ ಬೆಳಕು?

ಕಾರ್ ಶೆಡ್ಡಿನ ಶಟರ್ ಪೂರ್ತಿ ಕೆಳಗೆಳೆಯಿರಿ. ಬೀದಿ ದೀಪದ ಬೆಳಕೂ ಒಳಗೆ ನುಸುಳಬಾರದು. ಟ್ಯೂಬ್‌ಲೈಟ್ ಆರಿಸಿ, ಲೇತ್ ಮೇಲೆ ಇಳಿಬಿಟ್ಟಿರುವ ಅಗ್ಗದ ಎಲ್‌ಇಡಿ ಬಲ್ಬ್ ಒಂದನ್ನೇ ಉರಿಸಿ. ಸೇಫ್ಟಿ ಕನ್ನಡಕ ಹಾಕಿಕೊಂಡು, ಎರಡು ಹೆಜ್ಜೆ ಪಕ್ಕಕ್ಕೆ ನಿಂತು, ವೇಗದ ನಾಬ್ ನಿಧಾನವಾಗಿ ತಿರುಗಿಸುತ್ತಾ ಹೋಗಿ.

ಮೊದಲಿಗೆ ಚಕ್ಕಿನ ಮೂರು ದವಡೆಗಳು ಒಂದರಲ್ಲೊಂದು ಕಲಸಿಹೋಗಿ ಬೂದು ಬಣ್ಣದ ಬಳೆಯಾಗುತ್ತವೆ. ನಿಮಿಷಕ್ಕೆ 1000 ಸುತ್ತು ಮುಟ್ಟಿದಾಗ ಆ ಬೂದಿನೊಳಗೆ ಆರು ಮಸುಕು ಗುರುತುಗಳು ಮೂಡುತ್ತವೆ. ನಾಬ್ ಮುಂದಕ್ಕೆ ಹೋಗಲಿ. 2000ಕ್ಕೆ ಬಂತು, ನೋಡಿ: ಮೂರೇ ದವಡೆಗಳು, ಇದ್ದಲ್ಲೇ ನಿಂತಿವೆ. ನಾಬನ್ನು ಒಂದಿಷ್ಟೇ ಹಿಂದಕ್ಕೆ ತಿರುಗಿಸಿದರೆ ಅವು ಹಿಮ್ಮುಖವಾಗಿ ತೆವಳತೊಡಗುತ್ತವೆ. ಮೋಟರು ಕೂಗುತ್ತಿದೆ, ಚಕ್ಕಿನ ಗಾಳಿ ಮುಂಗೈಗೆ ತಾಗುತ್ತಿದೆ, ಕಣ್ಣು ಮಾತ್ರ ‘ನಿಂತಿದೆ’ ಎನ್ನುತ್ತಿದೆ. ಪಕ್ಕದಲ್ಲಿ ಗ್ರೈಂಡರೋ ಕಂಪ್ರೆಸರೋ ಓಡುತ್ತಿದ್ದರೆ ಕಿವಿಯ ಸಾಕ್ಷಿಯೂ ಸಿಗುವುದಿಲ್ಲ. ಲೋಹದ ಸುರುಳಿಯೊಂದನ್ನು ಎಳೆದು ತೆಗೆಯೋಣವೆಂದು ಕೈ ಹೋಗುವುದು ಇಂಥ ಹೊತ್ತಿನಲ್ಲೇ.

ಆಗುವುದಿಷ್ಟು. ನಮ್ಮ ಮನೆಗೆ ಬರುವ 50 ಹರ್ಟ್ಸ್ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿದೇಳುತ್ತದೆ. ಒಳ್ಳೆಯ ಡ್ರೈವರ್ ಈ ಏರಿಳಿತವನ್ನು ಸಮಮಾಡಿ ಎಲ್‌ಇಡಿಗೆ ಕೊಡುತ್ತದೆ. ಖರ್ಚು ಉಳಿಸಲು ಆ ಭಾಗವನ್ನೇ ಬಿಟ್ಟ ಬಲ್ಬು ಅಷ್ಟೂ ಸಲ ಮಂಕಾಗಿ ಬೆಳಗುತ್ತದೆ. 2000 ಸುತ್ತಿನ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಚಕ್ಕು ಸರಿಯಾಗಿ ಮೂರನೇ ಒಂದು ಸುತ್ತು ತಿರುಗಿರುತ್ತದೆ. ಅಂದರೆ ಬೆಳಕು ಮತ್ತೆ ಬರುವಷ್ಟರಲ್ಲಿ ಮೊದಲ ದವಡೆ ಇದ್ದ ಜಾಗದಲ್ಲಿ ಎರಡನೆಯದು ಬಂದು ಕೂತಿರುತ್ತದೆ. ಹಳೆಯ ಕಾರ್ಖಾನೆಗಳಲ್ಲಿ ಸಾಲು ಟ್ಯೂಬ್‌ಲೈಟುಗಳನ್ನು ಮೂರು ಫೇಸ್‌ಗೆ ಹಂಚುತ್ತಿದ್ದದ್ದು ಈ ಕಾರಣಕ್ಕೇ: ಒಂದು ಮಂಕಾದಾಗ ಇನ್ನೊಂದು ಬೆಳಗುತ್ತಿರುತ್ತದೆ. ಸಿಂಗಲ್ ಫೇಸ್ ಮನೆಯಲ್ಲಿ ಆ ದಾರಿಯಿಲ್ಲ. ಹಾಗಾಗಿ ದೀಪ ಕೊಳ್ಳುವಾಗ ವ್ಯಾಟ್ ಕೇಳುವ ಮುಂಚೆ ಮಿನುಗು ನೋಡಬೇಕು ಅನ್ನುವುದು ನನ್ನ ಹಟ.

ಬನ್ನಿ, ಬೆಂಗಳೂರಿನ ಎಸ್‌.ಪಿ. ರೋಡಿಗೆ. ಒಬ್ಬರ ಭುಜ ಇನ್ನೊಬ್ಬರಿಗೆ ತಾಗುವ ಇಕ್ಕಟ್ಟು, ಕೌಂಟರಿನ ತುಂಬ ಸ್ಟ್ರಿಪ್ಪಿನ ಸುರುಳಿಗಳು. ‘ಎಷ್ಟು ವ್ಯಾಟು ಸಾರ್?’ ಅಂತ ಅಂಗಡಿಯ ಹುಡುಗ ಕೇಳುತ್ತಾನೆ. ‘ಒಂದು ಸಲ ಹಚ್ಚಿ ತೋರಿಸಪ್ಪ’ ಅನ್ನಿ. ಫೋನಿನ ಕ್ಯಾಮೆರಾವನ್ನು ಪ್ರೊ ಮೋಡಿಗೆ ಹಾಕಿ, ಶಟರನ್ನು 1/1000ಕ್ಕೆ ಇಟ್ಟು ಬಲ್ಬಿನತ್ತ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದರೆ ಅದನ್ನು ಅಲ್ಲೇ ಬಿಡಿ. ಫೋನ್ ಇಲ್ಲದಿದ್ದರೆ ಪೆನ್ಸಿಲ್ ಸಾಕು. ದೀಪದೆದುರು ಜೋರಾಗಿ ಬೀಸಿದಾಗ ಒಂದೇ ಮಬ್ಬು ಗೆರೆ ಕಂಡರೆ ಸರಿ, ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲ್ ಕಂಡರೆ ಬೇಡ.

ನಾನು ಆರಿಸುವುದು 24 ವೋಲ್ಟ್ ಡಿಸಿ ಸ್ಟ್ರಿಪ್ಪು ಮತ್ತು ಅದಕ್ಕೊಪ್ಪುವ ಎಸ್‌ಎಂಪಿಎಸ್. ಮೀಟರಿಗೆ 10 ವ್ಯಾಟಿನದು ಎರಡು ಮೀಟರ್ ಬೇಕಿದ್ದರೆ 30 ವ್ಯಾಟಿನ ಸಪ್ಲೈ ತೆಗೆದುಕೊಳ್ಳಿ, ಬಿಸಿಯಾಗದೆ ನಡೆಯುತ್ತದೆ. ಕೂಲಂಟ್ ಸಿಡಿಯುವ, ಚೂಪು ಲೋಹದ ತುರಿ ವೈರಿನ ಮೇಲೆ ಬೀಳುವ ಜಾಗಕ್ಕೆ 230 ವೋಲ್ಟ್ ತರುವುದೇ ಬೇಡ; ಸಪ್ಲೈ ಗೋಡೆಯ ಮೇಲಿರಲಿ. ಅಗ್ಗದ ಡಿಮ್ಮರ್ ಜೋಡಿಸಬೇಡಿ. ಅದು ದೀಪವನ್ನು ಪಟಪಟನೆ ಆರಿಸಿ ಹೊತ್ತಿಸಿಯೇ ಬೆಳಕು ತಗ್ಗಿಸುವುದು, ಹೋದ ಮಿನುಗು ಮತ್ತೆ ಬರುತ್ತದೆ.

ಸ್ಟ್ರಿಪ್ಪಿನ ಹಿಂದಿನ ಗೋಂದು ಎಣ್ಣೆಯ ಹಬೆಗೆ ಬಿಟ್ಟುಕೊಳ್ಳುತ್ತದೆ. ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಕೂರಿಸಿ, ಚಾನೆಲ್ಲನ್ನು ಸ್ಕ್ರೂ ಹಾಕಿ ಬಿಗಿಯಿರಿ. ಎಲ್‌ಇಡಿಯ ಬಿಸಿಯನ್ನೂ ಅದೇ ಎಳೆದುಕೊಳ್ಳುತ್ತದೆ. ಮ್ಯಾಗ್ನೆಟ್ ಬುಡದ ದೀಪ ಸುಲಭವೆನ್ನಿಸಬಹುದು. ಆದರೆ ಒಂದು ವಾರ ಉಕ್ಕು ಕಡೆದು ಆ ಬುಡವನ್ನು ಎತ್ತಿ ನೋಡಿ, ಸುತ್ತಲೂ ಚೂಪಾದ ಕಬ್ಬಿಣದ ಮೀಸೆ ಬೆಳೆದಿರುತ್ತದೆ.

ಈಗ ಟೂಲಿನ ತುದಿಗೆ ಬಗ್ಗಿ. ಬೆಳಕು ನೇರ ತಲೆಯ ಮೇಲಿಂದ ಬಿದ್ದರೆ ನಿಮ್ಮ ತಲೆಯದೇ ನೆರಳು. ಎಡಗಡೆಯಿಂದ, ಸ್ವಲ್ಪ ತಗ್ಗಿನಿಂದ ಓರೆಯಾಗಿ ಬಿಡಿ: ಸ್ಕ್ರೈಬರ್ ಎಳೆದ ಗೆರೆ ಎದ್ದು ಕಾಣುತ್ತದೆ, ಟೂಲು ಬಿಟ್ಟ ನವಿರು ಏಣುಗಳನ್ನು ಎಣಿಸಬಹುದು. ಕ್ರಾಸ್ ಸ್ಲೈಡಿನ ಡಯಲ್ ಓದಲು ಮಾತ್ರ ಮೆದುವಾದ, ಹರಡಿದ ಬೆಳಕು ಬೇಕು. ಬಣ್ಣ 4000 ಕೆಲ್ವಿನ್ ಸುತ್ತ, ಸಿಆರ್‌ಐ 90 ಇರಲಿ. ಉಕ್ಕನ್ನು ಟೆಂಪರ್ ಮಾಡುವಾಗ 230 ಡಿಗ್ರಿ ಸುಮಾರಿಗೆ ಬರುವ ಹುಲ್ಲುಹಳದಿ, 300ರ ಹತ್ತಿರದ ನೀಲಿ, ಇವೆರಡರ ನಡುವಿನ ಕಂದು, ನೇರಳೆಗಳನ್ನು ಕಣ್ಣಿಂದಲೇ ಹಿಡಿಯಬೇಕಲ್ಲ.

ಕೊನೆಗೆ ವೈರಿಂಗ್. ದೀಪದ ಲೈನನ್ನು ಮೆಷಿನ್ನಿನ ಎಮರ್ಜೆನ್ಸಿ ಸ್ಟಾಪಿನ ಹಿಂದೆ ಹಾಕಬೇಡಿ, ಬೇರೆ ಸ್ವಿಚ್ಚಿಗೆ ಕೊಡಿ. ಕೆಂಪು ಗುಂಡಿ ಒತ್ತಿದ ಮೇಲೂ ಚಕ್ಕು ಕೆಲವು ಸುತ್ತು ಓಡುತ್ತದೆ. ಅದು ಪೂರ್ತಿ ನಿಲ್ಲುವವರೆಗೂ ನಿಮಗೆ ಕಾಣುತ್ತಿರಬೇಕು.