ಸೀಮಿಯ ಕಡಲಂಚಿನಲ್ಲಿ ಒಂದು ರಾತ್ರಿಯೂಟ

ಮೇಜಿನ ಮೇಲೆ ಅಗಲವಾದ ಕಾಗದದ ಹಾಳೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕೂ ಅಂಚಿಗೆ ಕ್ಲಿಪ್ಪು ಸಿಕ್ಕಿಸಿದ ಹುಡುಗಿ, "ಒಳಗೆ ಬನ್ನಿ, ಮೀನು ನೋಡಿ" ಎಂದು ಕರೆದಳು. ಮೆನು ಕಾರ್ಡಿಗಾಗಿ ಕೈ ಚಾಚಿದ್ದ ನಾನು ಕೈ ಹಿಂತೆಗೆದುಕೊಂಡು ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ಮಂಜುಗಡ್ಡೆಯ ಹಾಸಿನ ಮೇಲೆ ಆ ದಿನದ ಮೀನುಗಳು ಸಾಲಾಗಿ ಮಲಗಿದ್ದವು. ಕುಂದಾಪುರದಲ್ಲಿ ಹುಟ್ಟಿ ಬೆಳೆದ ನನ್ನಾಕೆ ಯಾರ ಅಪ್ಪಣೆಗೂ ಕಾಯದೆ ಒಂದು ಮೀನಿನ ಕಿವಿರು ಎತ್ತಿ ನೋಡಿದಳು. ಕೆಂಪಗಿತ್ತು. ಒಲೆಯ ಮುಂದಿದ್ದ ಯಜಮಾನ ನಕ್ಕು ತಲೆಬಾಗಿದ. ಇಬ್ಬರಿಗೂ ಭಾಷೆ ಬೇಕಾಗಲಿಲ್ಲ.

ಇದು ನಡೆದದ್ದು ಗ್ರೀಸ್ ದೇಶದ ಸೀಮಿ ಎಂಬ ಪುಟ್ಟ ದ್ವೀಪದಲ್ಲಿ. ಜರ್ಮನಿಯಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋಗಿದ್ದ ನಮ್ಮನ್ನು ಅವಳೇ ಕರೆತಂದಿದ್ದಳು. ನಕಾಶೆ ತೆರೆದರೆ ಸೀಮಿಯನ್ನು ಹುಡುಕಲು ಸ್ವಲ್ಪ ಕಷ್ಟಪಡಬೇಕು. ಗ್ರೀಸಿನ ಮುಖ್ಯಭೂಮಿಯಿಂದ ಬಹುದೂರ ಪೂರ್ವಕ್ಕೆ, ಟರ್ಕಿಯ ತೀರಕ್ಕೆ ಅಂಟಿಕೊಂಡಂತೆ ಇದೆ. ರೋಡ್ಸ್ ದ್ವೀಪದಿಂದ ವೇಗದ ದೋಣಿಯಲ್ಲಿ ಸುಮಾರು ಒಂದು ಗಂಟೆ. ಬೋಳು ಬೆಟ್ಟಗಳ ನಡುವೆ ದೋಣಿ ತಿರುವು ತೆಗೆದುಕೊಂಡ ಕೂಡಲೇ ಯಾಲೋಸ್ ಬಂದರು ತೆರೆದುಕೊಳ್ಳುತ್ತದೆ. ಹಳದಿ, ಕಾವಿ, ತಿಳಿನೀಲಿ ಬಣ್ಣದ ಮನೆಗಳು ಗ್ಯಾಲರಿಯ ಆಸನಗಳಂತೆ ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟವೇರಿವೆ. ಪ್ರತಿ ಮನೆಯ ನೆತ್ತಿಯ ಮೇಲೂ ಹಳೆಯ ದೇವಾಲಯದ ಮುಖದಂತೆ ಒಂದು ತ್ರಿಕೋನ. ಇಷ್ಟು ಬರಡು ನೆಲದಲ್ಲಿ ಇಷ್ಟು ಶ್ರೀಮಂತ ಮನೆಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಊಟದ ಮೇಜಿನಲ್ಲಿ.

ಗ್ರೀಕರು ಇಂಥ ಊಟದ ಮನೆಯನ್ನು ತವೆರ್ನಾ ಎನ್ನುತ್ತಾರೆ. ಮನೆಯವರೇ ನಡೆಸುವುದು ರೂಢಿ. ಇಲ್ಲೂ ಅಪ್ಪ ಒಲೆಯ ಮುಂದೆ, ಅಮ್ಮ ತರಕಾರಿಯ ಬಳಿ, ಮಗಳು ಮೇಜುಗಳ ನಡುವೆ. ನೀರಿಗೂ ನಮ್ಮ ಮೇಜಿಗೂ ನಡುವೆ ಎರಡು ಮಾರು ಕಲ್ಲು ಚಪ್ಪಡಿ ಅಷ್ಟೆ. ಹೋಗುವವರಿಗೆ ಎರಡು ಕಿವಿಮಾತು: ದೊಡ್ಡ ಮೀನಿಗೆ ಬೆಲೆ ಕಿಲೋ ಲೆಕ್ಕದಲ್ಲಿ, ಆದ್ದರಿಂದ ಒಲೆಗೆ ಹಾಕುವ ಮುನ್ನ ತೂಗಿಸಿ ಬೆಲೆ ಕೇಳುವುದು ಒಳ್ಳೆಯದು. ಯಾರೂ ತಪ್ಪು ತಿಳಿಯುವುದಿಲ್ಲ. ಶೈತ್ಯಾಗಾರದ ಮೀನಾದರೆ ಮೆನುವಿನಲ್ಲಿ ಅದನ್ನು ಗುರುತು ಮಾಡಿ ತೋರಿಸಬೇಕೆಂಬ ನಿಯಮವಿದೆ. ಹೆಸರಿನ ಪಕ್ಕದಲ್ಲಿ ನಕ್ಷತ್ರದ ಗುರುತು ಕಂಡರೆ ಅದು ಇಂದಿನ ಮೀನಲ್ಲ ಎಂದು ತಿಳಿಯಿರಿ.

ಮೊದಲು ಬಂದದ್ದು ಬ್ರೆಡ್ಡಿನ ಬುಟ್ಟಿ. ಹಿಂದೆಯೇ ಟೊಮೆಟೊ, ಸೌತೆ, ಈರುಳ್ಳಿ, ಆಲಿವ್ ಕಾಯಿಗಳ ರಾಶಿಯ ಮೇಲೆ ಇಡಿಯಾದ ಒಂದು ತುಂಡು ಫೆತಾ ಗಿಣ್ಣು. ಅದರ ನಂತರ ಈ ದ್ವೀಪದ ಹೆಮ್ಮೆ: ಸೀಮಿಯ ಸಿಗಡಿ. ಕಿರುಬೆರಳಿಗಿಂತ ಚಿಕ್ಕದು. ಸಿಪ್ಪೆ, ತಲೆ, ಮೀಸೆ ಸಮೇತ ಕಾದ ಎಣ್ಣೆಗೆ ಹಾಕಿ ಗರಿಗರಿಯಾಗಿ ಕರಿದು ತರುತ್ತಾರೆ. ನಾನು ಸುಲಿಯಲು ಕೂತದ್ದನ್ನು ಕಂಡು ಹುಡುಗಿ ತಡೆದು, ನಿಂಬೆ ಹಿಂಡಿ ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವಂತೆ ಸನ್ನೆ ಮಾಡಿದಳು. ಚುರುಮುರಿಯಂತೆ ಒಂದಾದ ಮೇಲೊಂದು ತಟ್ಟೆ ಖಾಲಿಯಾದದ್ದು ಗೊತ್ತಾಗಲಿಲ್ಲ. ಆಮೇಲೆ ಆಕ್ಟೋಪಸ್. ಹಿಡಿದ ಆಕ್ಟೋಪಸನ್ನು ಬಂಡೆಗೆ ಬಡಿದು ಬಡಿದು ಮೆತ್ತಗೆ ಮಾಡಿ, ಬಟ್ಟೆಯಂತೆ ತಂತಿಯ ಮೇಲೆ ಬಿಸಿಲಿಗೆ ಒಣಹಾಕಿ, ಕೆಂಡದ ಮೇಲೆ ಸುಡುತ್ತಾರೆ. ಮಸಾಲೆ ಎಂಬುದೇ ಇಲ್ಲ; ಉಪ್ಪು, ನಿಂಬೆ, ಆಲಿವ್ ಎಣ್ಣೆ, ಒಂದಿಷ್ಟು ಒಣ ಸೊಪ್ಪು. "ಕಾಯಿ ಹಾಕದೆಯೂ ಮೀನಿಗೆ ರುಚಿ ಬರುತ್ತದೆ ಅಂತ ಈಗ ಒಪ್ಪಿಕೊಂಡೆ" ಎಂದಳು ನನ್ನಾಕೆ. ಕುಂದಾಪುರದವರ ಬಾಯಲ್ಲಿ ಅದು ಸಣ್ಣ ಮಾತಲ್ಲ.

ಗೋಡೆಯ ಮೇಲೆ ಒಂದು ಹಳೆಯ ಫೋಟೋ ಇತ್ತು. ತಾಮ್ರದ ದೊಡ್ಡ ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದ ಒಬ್ಬ ಯುವಕ. "ನನ್ನ ಅಜ್ಜ" ಎಂದ ಯಜಮಾನ, ಒದ್ದೆ ಕೈ ಒರೆಸಿಕೊಳ್ಳುತ್ತ. ಸೀಮಿಯ ಮನೆಗಳನ್ನು ಕಟ್ಟಿಸಿದ್ದು ಸ್ಪಂಜು. ನಾವು ಸ್ನಾನಕ್ಕೂ ಸ್ಲೇಟು ಒರೆಸಲೂ ಬಳಸುತ್ತಿದ್ದ ಸ್ಪಂಜು ಮೂಲತಃ ಸಮುದ್ರದ ತಳದಲ್ಲಿ ಬೆಳೆಯುವ ಒಂದು ಜೀವಿ. ಸೀಮಿಯ ಗಂಡಸರು ಶತಮಾನಗಳ ಕಾಲ ಚಪ್ಪಟೆ ಕಲ್ಲೊಂದನ್ನು ಹಿಡಿದು, ಉಸಿರು ಕಟ್ಟಿ, ತಳ ಮುಟ್ಟಿ, ಸ್ಪಂಜು ಕಿತ್ತು ಮೇಲೆ ಬರುತ್ತಿದ್ದರು. 1860ರ ದಶಕದಲ್ಲಿ ಹೆಲ್ಮೆಟ್ಟು, ರಬ್ಬರು ಬಟ್ಟೆ, ಮೇಲಿನಿಂದ ಗಾಳಿ ಒತ್ತುವ ಪಂಪು ಬಂದವು. ಗಂಟೆಗಟ್ಟಲೆ ಕೆಳಗೇ ಇರಬಹುದಾಯಿತು. ಹಣ ಹರಿಯಿತು. ಅದರೊಂದಿಗೆ ಸಾವೂ ಬಂತು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಕಾರಣ ಸುಲಭವಾಗಿ ತಿಳಿಯುತ್ತದೆ. ಆಳದ ಒತ್ತಡದಲ್ಲಿ ಉಸಿರಾಡಿದರೆ ಗಾಳಿಯ ಸಾರಜನಕ ಮೈಯೊಳಗೆ ಹೆಚ್ಚು ಕರಗುತ್ತದೆ. ಸರ್ರನೆ ಮೇಲೆ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಅದು ರಕ್ತದಲ್ಲಿ ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ಬೆನ್ನುಹುರಿಗೆ ಹೋದರೆ ಕಾಲು ಸ್ವಾಧೀನ ತಪ್ಪುತ್ತದೆ. ಹಂತ ಹಂತವಾಗಿ ನಿಂತು ನಿಂತು ಮೇಲೆ ಬರಬೇಕೆಂಬ ಲೆಕ್ಕವನ್ನು ಹಾಲ್ಡೇನ್ ಎಂಬ ವಿಜ್ಞಾನಿ ಪ್ರಕಟಿಸಿದ್ದು 1908ರಲ್ಲಿ. ಅಷ್ಟರಲ್ಲಿ ಈ ದ್ವೀಪಗಳ ಎಷ್ಟೋ ಮನೆಗಳಲ್ಲಿ ಊರುಗೋಲು ಬಂದಾಗಿತ್ತು. ಲೆಕ್ಕ ಬಂದ ಮೇಲೂ ಅದನ್ನು ಪಾಲಿಸುವಷ್ಟು ಪುರುಸೊತ್ತು ಎಲ್ಲ ದೋಣಿಗಳಿಗೂ ಇರಲಿಲ್ಲ. ಫೋಟೋದಲ್ಲಿದ್ದ ಅಜ್ಜ ಮೂವತ್ತು ತುಂಬುವ ಮೊದಲೇ ಕಾಲು ಕಳೆದುಕೊಂಡನಂತೆ. "ನನ್ನ ಮಕ್ಕಳು ಕಡಲಿಗೆ ಇಳಿಯಕೂಡದು ಅಂತ ಆಣೆ ಹಾಕಿಸಿಕೊಂಡ. ಅದಕ್ಕೇ ನಾವು ಅಡುಗೆಯವರಾದೆವು" ಎಂದ ಯಜಮಾನ.

ಜಗತ್ತಿಗೆ ಒಂದು ದೊಡ್ಡ ವಿಸ್ಮಯ ಕಾಣಿಸಿದವರೂ ಈ ಊರಿನವರೇ. 1900ರಲ್ಲಿ ಕ್ಯಾಪ್ಟನ್ ದಿಮಿತ್ರಿಯೋಸ್ ಕೊಂದೋಸ್‌ನ ಸ್ಪಂಜಿನ ತಂಡ ಬಿರುಗಾಳಿಗೆ ಸಿಕ್ಕಿ ಅಂತಿಕಿಥೀರಾ ದ್ವೀಪದ ಬಳಿ ತಂಗಿತು. ಕೆಳಗಿಳಿದ ಇಲಿಯಾಸ್ ಸ್ತಾದಿಯಾತಿಸ್ ಎಂಬಾತ ಹೆದರಿ ಮೇಲೆ ಬಂದು, ತಳದಲ್ಲಿ ಹೆಣಗಳ ರಾಶಿ ಇದೆ ಎಂದ. ಅವು ಹೆಣಗಳಾಗಿರಲಿಲ್ಲ, ಎರಡು ಸಾವಿರ ವರ್ಷದ ಹಿಂದೆ ಮುಳುಗಿದ್ದ ಹಡಗಿನ ವಿಗ್ರಹಗಳು. ಅವನ್ನು ಎತ್ತುವ ಕೆಲಸದಲ್ಲಿ ಒಬ್ಬ ಮುಳುಗುಗಾರ ಸತ್ತ, ಇಬ್ಬರು ಪಾರ್ಶ್ವವಾಯು ಪೀಡಿತರಾದರು. ಸಿಕ್ಕ ಸಾಮಾನಿನ ನಡುವೆ ತುಕ್ಕು ಹಿಡಿದ ಒಂದು ಮುದ್ದೆಯಿತ್ತು. ಅದರಲ್ಲಿ ಹಲ್ಲುಚಕ್ರವಿದೆ ಎಂದು ಗಮನಕ್ಕೆ ಬಂದದ್ದು 1902ರಲ್ಲಿ. ಸೂರ್ಯ ಚಂದ್ರರ ಗತಿಯನ್ನೂ ಗ್ರಹಣಗಳನ್ನೂ ಲೆಕ್ಕ ಹಾಕುವ ಆ ಕಂಚಿನ ಯಂತ್ರದಲ್ಲಿ ಮೂವತ್ತು ಚಕ್ರಗಳು ಇಂದಿಗೂ ಉಳಿದಿವೆ. ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು.

ಇಂಥ ಊರು ಖಾಲಿಯಾದದ್ದು ಹೇಗೆ? 1912ರಲ್ಲಿ ದ್ವೀಪ ಇಟಲಿಯ ಕೈಗೆ ಹೋಯಿತು, 1948ರಲ್ಲಿ ಗ್ರೀಸಿಗೆ ಸೇರಿತು. ನಡುವೆ ಎರಡು ಮಹಾಯುದ್ಧ. ಕಾರ್ಖಾನೆಯ ಕೃತಕ ಸ್ಪಂಜು ಬಂತು. 1986ರಲ್ಲಿ ಮೆಡಿಟರೇನಿಯನ್ ಸ್ಪಂಜಿಗೆ ರೋಗ ತಗುಲಿತು. ಎಷ್ಟೋ ಜನ ಅಮೆರಿಕದ ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್‌ಗೆ, ಅಲ್ಲಿಯೂ ಸ್ಪಂಜಿನ ಕೆಲಸಕ್ಕೇ, ವಲಸೆ ಹೋದರು. ಒಂದು ಕಾಲಕ್ಕೆ ಇಪ್ಪತ್ತು ಸಾವಿರ ಜನರಿದ್ದ ದ್ವೀಪದಲ್ಲಿ ಈಗ ಇರುವುದು ಸುಮಾರು ಎರಡೂವರೆ ಸಾವಿರ. ಮೇಲಿನ ಓಣಿಗಳಲ್ಲಿ ಸೂರಿಲ್ಲದ ಮನೆಗಳ ಗೋಡೆ ಮಾತ್ರ ನಿಂತಿವೆ.

ಲೆಕ್ಕದ ಚೀಟಿ ತಂದ ಹುಡುಗಿಯನ್ನು ಮಗಳು ಮಾತಿಗೆಳೆದಳು. ಮರುದಿನ ಬೆಳಿಗ್ಗೆಯ ದೋಣಿಗೇ ಅವಳೂ ಹೊರಡುವವಳು. ರೋಡ್ಸ್‌ನಲ್ಲಿರುವ ಏಜಿಯನ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ; ಪುರಾತತ್ತ್ವ ಓದುತ್ತಾಳೆ. ಒಲೆಯ ಕಡೆಯಿಂದ ಅಪ್ಪ ಏನೋ ಗೊಣಗಿದ. ಹುಡುಗಿ ನಗುತ್ತ ಅನುವಾದಿಸಿದಳು: "ಅದನ್ನು ಓದಿದರೆ ಯಾರು ಕೆಲಸ ಕೊಡುತ್ತಾರೆ ಅಂತ ಕೇಳ್ತಿದ್ದಾರೆ."

ನನ್ನ ಮಗಳು ನನ್ನತ್ತ ನೋಡಿದಳು. ನಾನು ನೀರಿನತ್ತ ನೋಡಿದೆ. ಮೂರು ವರ್ಷದ ಹಿಂದೆ, ಒಳ್ಳೆಯ ಕಂಪನಿಯ ಕೆಲಸ ಬಿಟ್ಟು ನದಿಗಳ ಬಗ್ಗೆ ಓದಲು ಹೋಗುತ್ತೇನೆ ಎಂದು ಅವಳು ಹೇಳಿದಾಗ ನಾನು ಕೇಳಿದ್ದೂ ಇದೇ ಮಾತು. ಆಮೇಲೆ ಹದಿನೈದು ದಿನ ಸರಿಯಾಗಿ ಮಾತಾಡಿರಲಿಲ್ಲ. ವಿಮಾನ ನಿಲ್ದಾಣದಲ್ಲೂ "ಹುಷಾರು" ಎಂದದ್ದಷ್ಟೆ. ಅದಕ್ಕಾಗಿ ಅವಳ ಬಳಿ ಕ್ಷಮೆ ಕೇಳಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆನೋ. ಆ ರಾತ್ರಿ ಕೋಣೆಗೆ ಹಿಂತಿರುಗುವಾಗ, ಬಂದರಿನ ದಾರಿಯಲ್ಲಿ, ಹೇಳಿದೆ. "ಬಿಡಪ್ಪ, ಅದೆಲ್ಲ ಹಳೇ ಕತೆ" ಎಂದಳು. ಆದರೆ ತೋಳು ಹಿಡಿದುಕೊಂಡೇ ನಡೆದಳು.

ಬೆಳಿಗ್ಗೆ ಕಟ್ಟೆಯ ಮೇಲೆ ಯಜಮಾನ ಮಗಳ ಸೂಟ್‌ಕೇಸು ಹಿಡಿದು ನಿಂತಿದ್ದ. ಅಮ್ಮನ ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಕರಿದ ಸಿಗಡಿಯ ವಾಸನೆ ನಮ್ಮವರೆಗೂ ಬಂತು. ರೋಡ್ಸ್ ಇರುವುದು ಒಂದು ಗಂಟೆಯ ದೂರದಲ್ಲಿ, ಆದರೂ ತಾಯಿ ಕಣ್ಣೊರೆಸಿಕೊಂಡಳು. ನನ್ನಾಕೆ ಹೋಗಿ ಅವಳ ಭುಜ ಮುಟ್ಟಿ, ನಮ್ಮ ಮಗಳನ್ನು ತೋರಿಸಿ, ಕೈಯನ್ನು ಬಹುದೂರ ಬೀಸಿದಳು. ಇಷ್ಟು ದೂರ ಕಳಿಸಿದ್ದೇವೆ, ನೋಡಿ ಎಂಬಂತೆ. ಆ ತಾಯಿ ಅಳುವಿನ ನಡುವೆ ನಕ್ಕಳು. ದೋಣಿ ಹೊರಟಿತು. ಬಂದರಿನ ತಿರುವು ಬರುವ ತನಕ ಅಪ್ಪ ಕಟ್ಟೆಯಿಂದ ಕದಲಲಿಲ್ಲ. ಬೆಟ್ಟ ಅಡ್ಡ ಬಂದ ಮೇಲೆ ಹುಡುಗಿ ಡಬ್ಬಿ ಬಿಚ್ಚಿ ಮೊದಲು ನಮ್ಮ ಮುಂದೆ ಹಿಡಿದಳು. ಈ ಸಲ ನಾನು ಸುಲಿಯಲು ಹೋಗಲಿಲ್ಲ.