ಅಪ್ಪ, ರಣಹದ್ದು, 8 ಇಂಟು 42

ಬೆಂಗಳೂರಿನ ಕ್ಯಾಮೆರಾ ಮೇಳದಲ್ಲಿ ಬೈನಾಕ್ಯುಲರ್ ಸಾಲು ನೋಡಿ ತಲೆ ಕೆಟ್ಟುಹೋಯ್ತು. 20 ಪಟ್ಟು ಹಿಗ್ಗಿಸೋ ದೈತ್ಯನಿಗೆ ಕೈ ಹಾಕಿದೆ. "ಕೈಲಿ ಹಿಡಿದ್ರೆ ಎಲ್ಲಾ ನಡುಗುತ್ತೆ ಸಾರ್, 8 ಇಂಟು 42 ತಗೊಳ್ಳಿ" ಅಂದ ಮಳಿಗೆಯ ಹುಡುಗ. ಎಂಟು ಪಟ್ಟು ಹತ್ತಿರ. 42 ಮಿಲಿಮೀಟರ್ ಅಂದ್ರೆ ಮುಂದಿನ ಗಾಜಿನ ಅಗಲ. (ಅವನಿಗೆ ಪುಣ್ಯ ಬರಲಿ!)

"ರಣಹದ್ದು ನೋಡೋಕೆ ಇಷ್ಟು ದುಡ್ಡಾ?" ಅಂತ ಅಪ್ಪ ನಕ್ಕರು. ಅವರು ಹುಡುಗರಾಗಿದ್ದಾಗ ಮಾಗಡಿ ಕಡೆ ದನ ಸತ್ತು ಊರಾಚೆ ಎಳೆದು ಹಾಕಿದರೆ ಸಾಕಿತ್ತಂತೆ, ಹಿಂಡುಹಿಂಡಾಗಿ ಇಳಿಯುತ್ತಿದ್ದವಂತೆ. ಆಮೇಲೆ ದನಗಳಿಗೆ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಬಂತು. ಅದನ್ನು ಕೊಟ್ಟಿದ್ದ ದನದ ಮಾಂಸ ತಿಂದ ಹದ್ದುಗಳ ಕಿಡ್ನಿ ಕೆಟ್ಟು, ದೇಶದ ತುಂಬ ಸತ್ತುಹೋದವು. 2006ರಲ್ಲಿ ಜಾನುವಾರುಗಳಿಗೆ ಆ ಔಷಧಿ ನಿಷೇಧವಾಯ್ತು. ರಾಮನಗರದ ರಾಮದೇವರ ಬೆಟ್ಟ, ಅದೇ ನಮ್ಮ 'ಶೋಲೆ' ಬೆಟ್ಟ, ರಣಹದ್ದು ಧಾಮ ಆಗಿದ್ದು 2012ರಲ್ಲಿ.

ಭಾನುವಾರ ಬೆಳಗ್ಗೆ ಇಬ್ಬರೂ ಹೋದೆವು. ಬಂಡೆಯ ಮೇಲೆ ಸುಣ್ಣ ಬಳಿದಂತೆ ಹಿಕ್ಕೆಯ ಗೆರೆಗಳು. ಅದರ ಪಕ್ಕದಲ್ಲೇ ಒಂದು ಉದ್ದಕೊಕ್ಕಿನ ರಣಹದ್ದು! ಅಪ್ಪನ ಕೈಗೆ ಕೊಟ್ಟೆ.

"ಬರೀ ಮಂಜು ಕಣೋ."

ಒಂದು ಕಣ್ಣಿಗೆ ಪೊರೆ ಆಪರೇಶನ್ ಆಗಿದೆ, ಇನ್ನೊಂದಕ್ಕೆ ಆಗಿಲ್ಲ. ಕನ್ನಡಕ ಬೇರೆ. ಕಣ್ಣಿನ ಕಡೆಯ ರಬ್ಬರ್ ಬಟ್ಟಲು ಒಳಕ್ಕೆ ಮಡಚಿದೆ. ಬಲಗಣ್ಣು ಮುಚ್ಚಿಸಿ ನಡುವಿನ ಚಕ್ರ ತಿರುಗಿಸಿದೆ, ಆಮೇಲೆ ಎಡಗಣ್ಣು ಮುಚ್ಚಿಸಿ ಬಲಗಡೆಯ ಉಂಗುರ. ಎರಡು ಕಣ್ಣಿನ ವ್ಯತ್ಯಾಸ ಸರಿಮಾಡೋಕೆ ಅಂತಲೇ ಆ ಉಂಗುರ ಇರೋದು.

ಅಪ್ಪ ಸುಮ್ಮನಾದರು. ತುಂಬಾ ಹೊತ್ತು.

"ಅದೇ ಬೋಳು ಕತ್ತು..."

"ಅಪ್ಪಾ, ಕೊಡಿ, ನಾನೂ ನೋಡ್ತೀನಿ."

"ಇರೋ."